ಓವನ್ನಿನಿಂದ ಹೊರಬಂದರೂ ಗಟ್ಟಿಯಾಗಿಯೇ ಉಳಿದ ಪಾಸ್ಟಾ ಕೊಳವೆ: ಡಬ್ಬಿ ಮೀನಿನ ಹೂರಣದ ಬಗ್ಗೆ ಸಲಹೆ ಬೇಕು

ಕಾಫಿಹೂವು (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಕೈಕೊಟ್ಟ ಒಂದು ಅಡುಗೆಯ ಕಥೆ ಹೇಳಿ, ತಪ್ಪಾದದ್ದು ಎಲ್ಲಿ ಎಂದು ಬಲ್ಲವರಿಂದ ತಿಳಿದುಕೊಳ್ಳಲು ಬರೆಯುತ್ತಿದ್ದೇನೆ. ನಮ್ಮದು ಮೂಡಿಗೆರೆಯಿಂದ ಒಳಗಿರುವ ತೋಟದ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದಲೂ, ಅದೇ ಹೊತ್ತಿಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಆಗಾಗ ಮುಚ್ಚುವುದರಿಂದಲೂ, ಈ ಎರಡು ತಿಂಗಳು ನಮ್ಮ ಕಡೆಗೆ ಒಳ್ಳೆಯ ಸಮುದ್ರ ಮೀನು ಬರುವುದು ಅಪರೂಪ. ಹೀಗಿರುವಾಗ ಬೆಂಗಳೂರಿನಿಂದ ಬಂದ ಮಗಳು ಎರಡು ಡಬ್ಬಿ ಟೂನಾ ಮೀನನ್ನೂ ಕ್ಯಾನೆಲೋನಿ ಎಂಬ ಪಾಸ್ಟಾದ ಒಂದು ಪೊಟ್ಟಣವನ್ನೂ ತಂದಳು. ನೋಡದವರಿಗೆ ಹೇಳುವುದಾದರೆ, ಇದು ಹೆಬ್ಬೆರಳಿಗಿಂತ ದಪ್ಪನಾದ, ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಟೊಳ್ಳು ಕೊಳವೆ. ಅದರೊಳಗೆ ಹೂರಣ ತುಂಬಿ, ಮೇಲೆ ಬಿಳಿ ಸಾಸ್ ಸುರಿದು, ಚೀಸ್ ಉದುರಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ.

ನಾನು ಮಾಡಿದ್ದು ಹೀಗೆ. ಈರುಳ್ಳಿ, ಬೆಳ್ಳುಳ್ಳಿ, ಎರಡು ಟೊಮೇಟೊ ಬಾಡಿಸಿ, ಎಣ್ಣೆ ಬಸಿದ ಮೀನನ್ನು ಅದಕ್ಕೆ ಹಾಕಿ, ಹಸಿ ವಾಸನೆ ಹೋಗಲೆಂದು ಹತ್ತು ನಿಮಿಷ ಚೆನ್ನಾಗಿ ಹುರಿದೆ. ಪೊಟ್ಟಣದ ಮೇಲೆ ಮೊದಲೇ ಕುದಿಸುವ ಅಗತ್ಯವಿಲ್ಲವೆಂದು ಬರೆದಿದ್ದುದರಿಂದ ಹದಿನಾರು ಒಣ ಕೊಳವೆಗಳಿಗೆ ಹೂರಣವನ್ನು ಹಾಗೆಯೇ ತುಂಬಿದೆ. ಅರ್ಧ ಲೀಟರ್ ಹಾಲಿಗೆ ಬೆಣ್ಣೆ, ಮೈದಾ ಸೇರಿಸಿ ದಪ್ಪನೆಯ ಸಾಸ್ ಕಾಯಿಸಿ ಮೇಲೆ ಹರಡಿ, ಮುಚ್ಚದೆ, ಓಟಿಜಿ ಎಂಬ ಚಿಕ್ಕ ವಿದ್ಯುತ್ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ ಇಟ್ಟೆ.

ಹೊರತೆಗೆದಾಗ ನೋಟಕ್ಕೆ ಯಾವ ಕೊರತೆಯೂ ಇರಲಿಲ್ಲ, ಮೇಲೆ ಹೊಂಬಣ್ಣದ ಪದರವಿತ್ತು. ಚಾಕು ಹಾಕಿದಾಗ ಮಾತ್ರ ಕೊಳವೆಗಳ ತುದಿಗಳು ಹುರಿಯದ ಸಂಡಿಗೆಯಂತೆ ಕಟಕಟ ಎಂದವು. ನಡುಭಾಗ ಬೆಂದಿತ್ತಾದರೂ ತೊಗಲಿನಂತಿತ್ತು. ಒಳಗಿನ ಮೀನು ಮರದ ಪುಡಿಯಾಗಿತ್ತು. ನಮ್ಮ ಅತ್ತೆಯವರು ಎರಡು ತುತ್ತು ತಿಂದು, ‘ಹೊರಗಿನದೂ ಒಣಗಿದೆ, ಒಳಗಿನದೂ ಒಣಗಿದೆ, ಎರಡಕ್ಕೂ ಸೇರಿಸಿ ನಾನೇ ನೀರು ಕುಡಿಯುತ್ತೇನೆ’ ಎಂದು ಚೊಂಬು ಎತ್ತಿಕೊಂಡರು. ಪೊಟ್ಟಣದಲ್ಲಿ ಇನ್ನೂ ಎಂಟು ಕೊಳವೆಗಳಿವೆ, ಹೊಸ ಪೊಟ್ಟಣವನ್ನೂ ತರಿಸಬಹುದು. ಮತ್ತೊಮ್ಮೆ ಮಾಡುವ ಮೊದಲು ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.


ಮೇಷ್ಟ್ರು (ಹಾಸನ, ವಿದ್ಯಾನಗರ)

ಮೇಡಂ, ನಿಮ್ಮ ಅತ್ತೆಯವರು ಒಂದೇ ಮಾತಿನಲ್ಲಿ ಕಾರಣವನ್ನು ಹೇಳಿಬಿಟ್ಟಿದ್ದಾರೆ. ಇದು ನೀರಿನ ಲೆಕ್ಕ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದ ಅಭ್ಯಾಸದಿಂದ ನಾನು ಅಡುಗೆಮನೆಯಲ್ಲೂ ತೂಕ ಹಾಕುವವನು, ಬೇಸರಿಸದೆ ಓದಬೇಕು.

ಒಣ ಪಾಸ್ಟಾ ಬೆಂದಾಗ ಅದರ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಅಂದರೆ ತನ್ನ ತೂಕದಷ್ಟೇ ನೀರನ್ನು ಅದು ಹೀರಿಕೊಳ್ಳುತ್ತದೆ. ನಿಮ್ಮ ಪೊಟ್ಟಣ 250 ಗ್ರಾಂ ಇದ್ದು ಅದರಲ್ಲಿ ಇಪ್ಪತ್ತನಾಲ್ಕು ಕೊಳವೆಗಳಿದ್ದವೆಂದು ಹಿಡಿದರೆ, ಹದಿನಾರು ಕೊಳವೆಗಳ ತೂಕ ಸುಮಾರು 165 ಗ್ರಾಂ ಆಗುತ್ತದೆ. ಅವಕ್ಕೆ ಕನಿಷ್ಠ 165ರಿಂದ 200 ಮಿಲಿಲೀಟರ್ ನೀರು ಬೇಕು. ಅರ್ಧ ಲೀಟರ್ ಹಾಲಿನಲ್ಲಿ ಅದಕ್ಕಿಂತ ಹೆಚ್ಚು ನೀರಿದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅದು ಕೊಳವೆಗೆ ಸಿಗುವ ಸ್ಥಿತಿಯಲ್ಲಿಲ್ಲ. ಸಾಸ್ ಕಾಯಿಸುವಾಗ ಒಂದಷ್ಟು ಆವಿಯಾಯಿತು. ಮೈದಾದ ಪಿಷ್ಟವು ಅರವತ್ತು ಡಿಗ್ರಿ ದಾಟಿದ ಮೇಲೆ ಉಬ್ಬಿ ತಾನೇ ನೀರನ್ನು ಹಿಡಿದುಕೊಂಡು ಕುಳಿತಿತು. ಮುಚ್ಚದ ಪಾತ್ರೆಯಿಂದ ಓವನ್ನಿನ ಒಣ ಗಾಳಿಗೆ ಇನ್ನೊಂದಷ್ಟು ಹಾರಿಹೋಯಿತು. ಉಳಿದದ್ದು ದಪ್ಪ ಸಾಸಾಗಿ ಮೇಲ್ಗಡೆ ನಿಂತಿತೇ ಹೊರತು ಕೊಳವೆಗಳ ಸಂದಿಗೂ ತಳಕ್ಕೂ ಇಳಿಯಲಿಲ್ಲ. ಸಾಸ್ ತಾಗಿದ ನಡುಭಾಗ ಬೆಂದು, ತಾಗದ ತುದಿಗಳು ಗಟ್ಟಿಯಾಗಿ ಉಳಿದದ್ದು ಇದಕ್ಕೇ.

ಹಾಗಾಗಿ ಮುಂದಿನ ಸಲ 750 ಮಿಲಿಲೀಟರ್ ಹಾಲಿಗೆ 45 ಗ್ರಾಂ ಬೆಣ್ಣೆ ಮತ್ತು 45 ಗ್ರಾಂ ಮೈದಾ ಸಾಕು. ಇಳಿಸುವಾಗ ಸಾಸ್ ಮಜ್ಜಿಗೆಹುಳಿಯ ಹದದಲ್ಲಿರಬೇಕು. ತೀರಾ ತೆಳುವಾಯಿತೆಂದು ಕೈ ತಡೆಯಬೇಡಿ, ಓವನ್ನಿನಲ್ಲಿ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಪಾತ್ರೆಯ ತಳಕ್ಕೆ ತೆಳುವಾದ ಟೊಮೇಟೊ ಸಾಸನ್ನು ಒಂದು ಬೆರಳಗಲ ಸುರಿದು ಕೊಳವೆಗಳನ್ನು ಅದರ ಮೇಲೆ ಒಂದೇ ಸಾಲಿನಲ್ಲಿ ಜೋಡಿಸಿ. ಬಿಳಿ ಸಾಸ್ ಸುರಿದ ಮೇಲೆ ಒಂದು ತುದಿಯೂ ಹೊರಗೆ ಇಣುಕಬಾರದು. ಅಲ್ಯೂಮಿನಿಯಂ ಹಾಳೆಯಿಂದ ಬಿಗಿಯಾಗಿ ಮುಚ್ಚಿ ಮೊದಲ ಮೂವತ್ತು ನಿಮಿಷ ಬೇಯಿಸಿ, ಆಮೇಲೆ ಹಾಳೆ ತೆಗೆದು ಚೀಸ್ ಉದುರಿಸಿ ಇನ್ನು ಹನ್ನೆರಡು-ಹದಿನೈದು ನಿಮಿಷ ಇಡಿ. ಮುಚ್ಚಿದ ಅವಧಿಯಲ್ಲಿ ನಡೆಯುವುದು ಹಬೆಯ ಅಡುಗೆ, ತೆರೆದ ಮೇಲೆ ನಡೆಯುವುದು ಬಣ್ಣ ಬರಿಸುವ ಕೆಲಸ. ಒಂದರ ಹೊತ್ತಿನಲ್ಲಿ ಎರಡನ್ನೂ ಮಾಡಹೊರಟರೆ ಸಂಡಿಗೆಯೇ ಗತಿ.


ಘಾಟಿ ಕೆಳಗಿನವಳು (ಸಕಲೇಶಪುರ)

ಮೇಷ್ಟ್ರು ಕೊಳವೆಯ ವಿಚಾರ ಹೇಳಿದ್ದಾರೆ, ನಾನು ಮೀನಿನ ವಿಚಾರ ಹೇಳುತ್ತೇನೆ. ನನ್ನ ತವರು ಮಲ್ಪೆಯ ಕಡೆ, ಮದುವೆಯಾಗಿ ಘಟ್ಟ ಹತ್ತಿದ್ದರಿಂದ ಈ ಹೆಸರು ಇಟ್ಟುಕೊಂಡೆ. ಅಕ್ಕಾ, ಡಬ್ಬಿ ಮೀನನ್ನು ನೀವು ಹಸಿ ಮೀನೆಂದು ತಿಳಿದು ಹುರಿದಿದ್ದೀರಿ, ತಪ್ಪು ಅಲ್ಲೇ ಆಗಿದೆ. ಟೂನಾವನ್ನು ಕಾರ್ಖಾನೆಯಲ್ಲಿ ಮೊದಲು ಹಬೆಯಲ್ಲಿ ಬೇಯಿಸಿ, ಚರ್ಮ ಮುಳ್ಳು ಬಿಡಿಸಿ, ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಒತ್ತಡದ ಹಬೆಯಲ್ಲಿ ಮತ್ತೊಮ್ಮೆ ಕಾಯಿಸುತ್ತಾರೆ. ಎರಡು ಸಲ ಬೆಂದು ಬಂದದ್ದನ್ನು ನೀವು ಬಾಣಲೆಯಲ್ಲಿ ಮೂರನೆಯ ಸಲ, ಓವನ್ನಿನಲ್ಲಿ ನಾಲ್ಕನೆಯ ಸಲ ಬೇಯಿಸಿದಿರಿ. ನಮ್ಮ ಕಡೆ ಕೇದರ ಎನ್ನುವ ಈ ಜಾತಿಯ ಮೀನಿನ ಮಾಂಸವೇ ಒಣ ಸ್ವಭಾವದ್ದು, ಹಸಿಯಾಗಿ ಸಾರು ಮಾಡಿದರೂ ಸ್ವಲ್ಪ ಹೆಚ್ಚು ಕುದಿದರೆ ನಾರಾಗುತ್ತದೆ.

ಮಸಾಲೆಯನ್ನು ಮೊದಲು ಸಂಪೂರ್ಣ ಬಾಡಿಸಿ, ಒಲೆ ಆರಿಸಿ, ಅದು ಆರಿದ ಮೇಲೆ ಮೀನನ್ನು ಸೇರಿಸಬೇಕು. ಅರೆಯುವುದಾಗಲಿ ಮಿಕ್ಸಿಗೆ ಹಾಕುವುದಾಗಲಿ ಬೇಡ, ಬೆರಳಿನಲ್ಲಿ ಎಸಳೆಸಳಾಗಿ ಬಿಡಿಸಿದರೆ ಸಾಕು. ಬಿಳಿ ಸಾಸಿನಲ್ಲಿ ಮೂರು ದೊಡ್ಡ ಚಮಚದಷ್ಟನ್ನು ತೆಗೆದಿಟ್ಟು ಹೂರಣಕ್ಕೇ ಕಲಸಿ. ಮೀನಿಗೆ ಬೇಕಾದ ಜಿಡ್ಡೂ ತೇವವೂ ಒಳಗಿನಿಂದಲೇ ಸಿಗುತ್ತವೆ. ಎಣ್ಣೆಯ ಡಬ್ಬಿಯಾದರೆ ಬಸಿದ ಎಣ್ಣೆಯನ್ನು ಚೆಲ್ಲದೆ ಅದರಲ್ಲೇ ಈರುಳ್ಳಿ ಬಾಡಿಸಿ, ಮೀನಿನ ರುಚಿಯ ಬಹುಭಾಗ ಅದರಲ್ಲಿರುತ್ತದೆ. ಉಪ್ಪುನೀರಿನ ಡಬ್ಬಿಯಾದರೆ ಆ ನೀರನ್ನು ಚೆಲ್ಲಿ, ಮೀನನ್ನು ಅಂಗೈಯಲ್ಲಿ ಲಘುವಾಗಿ ಹಿಂಡಿ, ಹೂರಣಕ್ಕೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಡಬ್ಬಿಯ ಮೇಲೆ ಎರಡು ತೂಕಗಳಿರುತ್ತವೆ, ಬಸಿದ ಮೇಲಿನ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. 185 ಗ್ರಾಮಿನ ಡಬ್ಬಿಯಲ್ಲಿ ನಿಜವಾದ ಮೀನು 130 ಗ್ರಾಂ ಆಸುಪಾಸಿನಲ್ಲಿರುತ್ತದೆ, ಎರಡು ಡಬ್ಬಿಗೆ ಹದಿನಾರು ಕೊಳವೆ ತುಸು ಹೆಚ್ಚೇ ಆಯಿತು.

ವಾಸನೆಯ ವಿಚಾರ. ಮೀನಿನ ವಾಸನೆಯನ್ನು ಹುರಿದು ಓಡಿಸಲು ಹೋಗಬಾರದು, ಹುಳಿಯಿಂದ ತಗ್ಗಿಸಬೇಕು. ಮೀನುಸಾರಿಗೆ ನಾವು ಹುಣಸೆಯನ್ನೋ ಮುರುಗಲನ್ನೋ ಹಾಕುವುದು ಸುಮ್ಮನೆ ಅಲ್ಲ. ಇಲ್ಲಿ ಅರ್ಧ ನಿಂಬೆಹಣ್ಣಿನ ರಸ ಸಾಕು. ವಿದೇಶಿ ಪಾಕವಿಧಾನಗಳಲ್ಲಿ ಕೇಪರ್ ಎಂಬ ಉಪ್ಪಿನಲ್ಲಿಟ್ಟ ಮೊಗ್ಗು ಹಾಕಲು ಹೇಳುತ್ತಾರೆ. ಅದನ್ನು ಹುಡುಕಿಕೊಂಡು ಹೋಗಬೇಡಿ, ನಿಮ್ಮ ತೋಟದ ಹಸಿ ಕಾಳುಮೆಣಸನ್ನು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದರೆ ಒಂದು ಚಮಚ ಜಜ್ಜಿ ಸೇರಿಸಿ. ನನ್ನ ಅಭಿಪ್ರಾಯದಲ್ಲಿ ಅದು ಕೇಪರಿಗಿಂತ ಒಂದು ಕೈ ಮೇಲು.


ಮೇಷ್ಟ್ರು (ಹಾಸನ, ವಿದ್ಯಾನಗರ)

ಹುಳಿಯ ಬಗ್ಗೆ ಹೇಳಿದ್ದು ಶಾಸ್ತ್ರಕ್ಕೂ ಸರಿ. ಮೀನಿನ ವಾಸನೆಗೆ ಮುಖ್ಯ ಕಾರಣವಾದ ಟ್ರೈಮಿಥೈಲಮೈನ್ ಪ್ರತ್ಯಾಮ್ಲ. ಆಮ್ಲ ಸೇರಿದಾಗ ಅದು ಲವಣವಾಗಿ ಮಾರ್ಪಟ್ಟು ಗಾಳಿಗೆ ಹಾರುವುದನ್ನು ನಿಲ್ಲಿಸುತ್ತದೆ.


ಗಿರಿಶ್ರೇಣಿ (ಚಿಕ್ಕಮಗಳೂರು)

ನನ್ನ ಮಗ ಓದಿಗೆಂದು ಸ್ಪೇನಿನ ಬಾರ್ಸಿಲೋನಾದಲ್ಲಿದ್ದಾಗ ನಾವು ದಂಪತಿಗಳು ಅವನ ಬಳಿ ಮೂರು ತಿಂಗಳು ಇದ್ದೆವು. ಈ ಅಡುಗೆಯನ್ನು ನಾವೆಲ್ಲ ಇಟಲಿಯದೆಂದೇ ತಿಳಿದಿರುತ್ತೇವೆ, ಹುಟ್ಟಿದ್ದೂ ಅಲ್ಲಿಯೇ. ಆದರೆ ಆ ನಗರವಿರುವ ಕ್ಯಾಟಲೋನಿಯಾ ಪ್ರಾಂತ್ಯದವರು ಅದನ್ನು ತಮ್ಮ ಹಬ್ಬದ ಅಡುಗೆಯಾಗಿಯೇ ಮಾಡಿಕೊಂಡಿದ್ದಾರೆ. ಕ್ರಿಸ್‌ಮಸ್ ಮರುದಿನ, ಡಿಸೆಂಬರ್ 26ರ ಸಂತ ಸ್ಟೀಫನರ ಹಬ್ಬಕ್ಕೆ, ಹಿಂದಿನ ದಿನ ಉಳಿದ ಮಾಂಸವನ್ನು ಅರೆದು ತುಂಬಿ ಕನೆಲೋನ್ಸ್ ಮಾಡುವುದು ಅಲ್ಲಿನ ವಾಡಿಕೆ. ಮಾಂಸದ್ದು ಹಬ್ಬಕ್ಕಾದರೆ, ಟೂನಾ ಡಬ್ಬಿಯದು ಸ್ಪೇನಿನ ಮನೆಗಳಲ್ಲಿ ದಿನನಿತ್ಯದ ಅಡುಗೆ. ಟೂನಾ, ಬಾಡಿಸಿದ ಈರುಳ್ಳಿ, ಗಟ್ಟಿ ಟೊಮೇಟೊ ಸಾಸ್, ಬೇಯಿಸಿ ಹೆಚ್ಚಿದ ಮೊಟ್ಟೆ, ಕೆಲವರ ಮನೆಯಲ್ಲಿ ಆಲಿವ್ ಕಾಯಿ, ಇಷ್ಟೇ ಹೂರಣ.

ನಿಮಗೆ ಉಪಯೋಗವಾಗುವ ಸಂಗತಿ ಏನೆಂದರೆ, ಅಲ್ಲಿ ನಾನು ಕಂಡವರು ಟೊಳ್ಳು ಕೊಳವೆಯನ್ನು ಬಳಸುತ್ತಿರಲಿಲ್ಲ. ಅಂಗೈಯಷ್ಟು ಅಗಲದ ಚಪ್ಪಟೆ ಹಾಳೆಗಳನ್ನು ತಂದು, ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಬಟ್ಟೆಯ ಮೇಲೆ ಹರಡಿ, ನಡುವೆ ಹೂರಣವಿಟ್ಟು ಸುರುಳಿ ಸುತ್ತುತ್ತಿದ್ದರು. ಹಾಳೆ ಮೊದಲೇ ನೀರು ಕುಡಿದಿರುವುದರಿಂದ ಮೇಷ್ಟ್ರು ಹೇಳಿದ ಲೆಕ್ಕದ ತೊಂದರೆಯೇ ಬರುವುದಿಲ್ಲ. ಸಾಸ್ ದಪ್ಪಗಿದ್ದರೂ ನಡೆಯುತ್ತದೆ, ಓವನ್ನಿನಲ್ಲಿ ಇಪ್ಪತ್ತು ನಿಮಿಷ ಸಾಕು. ಆ ಹಾಳೆ ನಮ್ಮೂರಿನಲ್ಲಿ ಸಿಗುವುದಿಲ್ಲ, ಆದರೆ ಲಸಾನ್ಯ ಎಂಬ ಪಾಸ್ಟಾ ಹಾಳೆಯನ್ನು ಪೂರ್ತಿ ಕುದಿಸಿ ಎರಡು ತುಂಡು ಮಾಡಿದರೆ ಅದೇ ಆಗುತ್ತದೆ. ಕುದಿಯುವ ನೀರಿಗೆ ಒಮ್ಮೆಗೆ ನಾಲ್ಕೈದು ಹಾಳೆಗಿಂತ ಹೆಚ್ಚು ಹಾಕಬೇಡಿ, ಒಂದಕ್ಕೊಂದು ಅಂಟಿದರೆ ಬಿಡಿಸುವ ಉಪಾಯವಿಲ್ಲ.

ನನ್ನ ಹೆಂಡತಿ ಒಂದು ಹೆಜ್ಜೆ ಮುಂದೆ ಹೋಗಿ, ಚಿರೋಟಿ ರವೆಯನ್ನೂ ಮೈದಾವನ್ನೂ ಸಮ ಸೇರಿಸಿ, ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯಂತೆ ನಾದಿ, ಒಂದು ಗಂಟೆ ನೆನೆಯಲು ಬಿಟ್ಟು, ಹೋಳಿಗೆಯ ಲಟ್ಟಣಿಗೆಯಲ್ಲಿ ಎಷ್ಟು ತೆಳ್ಳಗಾಗುತ್ತದೋ ಅಷ್ಟು ತೆಳ್ಳಗೆ ಲಟ್ಟಿಸಿ ಹಾಳೆ ಮಾಡಿಕೊಳ್ಳುತ್ತಾಳೆ. ಸುರುಳಿ ಸುತ್ತುವುದು ಪತ್ರೊಡೆ ಸುತ್ತಿ ಅಭ್ಯಾಸವಿರುವ ಕೈಗೆ ಏನೂ ಕಷ್ಟವಲ್ಲ. ಒಣ ಕೊಳವೆಗೆ ಚಮಚದ ಹಿಡಿಯಿಂದ ಹೂರಣ ತುರುಕುವ ಗೋಳು, ಅರ್ಧಕ್ಕೆ ಕೊಳವೆ ಸೀಳುವ ಕಿರಿಕಿರಿ, ಇವೆರಡೂ ಇಲ್ಲ.


ಹತ್ತುಮೀನು (ಕೊಪ್ಪ)

ಚರ್ಚೆಯನ್ನು ಆಸಕ್ತಿಯಿಂದ ಓದಿದೆ, ಆದರೆ ಒಂದು ಆಕ್ಷೇಪವನ್ನು ಹೇಳದೆ ಇರಲಾರೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೀನಿಲ್ಲವೆಂದು ಕೊರಗಿದವರು ಯಾರು? ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು ಇತ್ತು, ಬೇಸಗೆಯಲ್ಲಿ ಘಟ್ಟದ ಕೆಳಗಿನಿಂದ ತಂದು ಅಟ್ಟದ ಮೇಲೆ ಕಟ್ಟಿಟ್ಟ ಒಣಮೀನು, ಒಣಸಿಗಡಿ ಇದ್ದವು. ತವರದ ಡಬ್ಬಿಯ ಮೀನನ್ನು ಮೈದಾ ಸಾಸಿನಲ್ಲಿ ಮುಳುಗಿಸಿ ಚೀಸ್ ಹೊದಿಸುವಷ್ಟು ಕಷ್ಟಪಡುವುದಕ್ಕಿಂತ ಒಂದು ಹಿಡಿ ಒಣಸಿಗಡಿಯನ್ನು ಹುರಿದು ಚಟ್ನಿ ಮಾಡಿ ಕಡುಬಿನ ಜೊತೆ ತಿನ್ನುವುದು ಲೇಸಲ್ಲವೇ? ಯಾರನ್ನೂ ನೋಯಿಸಲು ಹೇಳುತ್ತಿಲ್ಲ.


ಘಾಟಿ ಕೆಳಗಿನವಳು (ಸಕಲೇಶಪುರ)

ಅಣ್ಣಾ, ಒಣಸಿಗಡಿ ಚಟ್ನಿಗೆ ಎದುರು ಮಾತಿಲ್ಲ, ನಮ್ಮ ಮನೆಯಲ್ಲೂ ಜಾಡಿ ತುಂಬ ಇದೆ. ಆದರೆ ಒಣಮೀನೂ ಡಬ್ಬಿ ಮೀನೂ ಮಾಡುವುದು ಒಂದೇ ಕೆಲಸವನ್ನು: ಸಿಗುವ ಕಾಲದ ಮೀನನ್ನು ಸಿಗದ ಕಾಲಕ್ಕೆ ಎತ್ತಿಡುವುದು. ಒಂದರಲ್ಲಿ ಉಪ್ಪು ಮತ್ತು ಬಿಸಿಲು, ಇನ್ನೊಂದರಲ್ಲಿ ಹಬೆ ಮತ್ತು ತವರ. ಹಸಿ ಮೀನಿನ ಜಾಗದಲ್ಲಿ ಡಬ್ಬಿ ಮೀನನ್ನು ಕೂರಿಸಿ ನೋಡುವುದರಿಂದಲೇ ಅದು ಕೀಳೆನಿಸುತ್ತದೆ. ಒಣಮೀನನ್ನು ಯಾರೂ ಹಸಿ ಮೀನಿನ ಹಾಗೆ ಬೇಯಿಸುವುದಿಲ್ಲವಷ್ಟೇ, ಡಬ್ಬಿ ಮೀನಿಗೂ ಅದರದೇ ಆದ ರೀತಿ ಇದೆ. ಇನ್ನೊಂದು ಮಾತು. ಈ ಅಡುಗೆಗೆ ಟೂನಾವೇ ಆಗಬೇಕೆಂದಿಲ್ಲ. ಬೂತಾಯಿ (ಸಾರ್ಡೀನ್) ಡಬ್ಬಿ ಸಿಕ್ಕಿದರೆ ನಾನು ಅದನ್ನೇ ಆರಿಸುತ್ತೇನೆ. ಅದರಲ್ಲಿ ಜಿಡ್ಡು ಹೆಚ್ಚು, ಆದ್ದರಿಂದ ಹೂರಣ ಒಣಗುವ ಭಯ ಕಡಿಮೆ. ಒತ್ತಡದ ಹಬೆಯಲ್ಲಿ ಮುಳ್ಳು ಮೆತ್ತಗಾಗಿರುವುದರಿಂದ ಮೀನಿನ ಜೊತೆಗೇ ಕಿವುಚಬಹುದು, ಮಕ್ಕಳಿಗೆ ಸುಣ್ಣದ ಅಂಶವೂ ಸಿಗುತ್ತದೆ. ವಾಸನೆ ಟೂನಾಕ್ಕಿಂತ ಜೋರು, ನಿಂಬೆಹಣ್ಣು ಒಂದು ಪೂರ್ತಿ ಬೇಕು.


ಬೇಕರಿ ಮನೆತನ (ಹಾಸನ ಜಿಲ್ಲೆ)

ಓವನ್ನಿನ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದ ಅನೇಕ ಕುಟುಂಬಗಳು ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳವು. ನಾನೂ ಅಂಥ ಒಂದು ಮನೆಯವನು, ಬನ್ನು ಬ್ರೆಡ್ಡುಗಳ ನಡುವೆ ಬೆಳೆದವನು. ಹಿಂದೊಮ್ಮೆ ಸ್ನೇಹಿತರೊಬ್ಬರು ಇಂಥದೇ ಮೀನಿನ ತಟ್ಟೆಯೊಂದನ್ನು ತಂದು, ‘ನಿಮ್ಮ ದೊಡ್ಡ ಒಲೆಯಲ್ಲಿ ಅರ್ಧ ಗಂಟೆ ಇಟ್ಟುಕೊಡಿ’ ಎಂದು ನಮ್ಮ ಚಿಕ್ಕಪ್ಪನವರನ್ನು ಕೇಳಿದ್ದರು. ಚಿಕ್ಕಪ್ಪ ಏನು ಹೇಳಿರಬಹುದೆಂದು ನಿಮ್ಮ ಊಹೆಗೆ ಬಿಡುತ್ತೇನೆ. ಆದರೆ ಬಿಸಿಯ ಗುಣ ಬನ್ನಿಗೂ ಮೀನಿಗೂ ಒಂದೇ.

ಮನೆಯ ಓಟಿಜಿಯಲ್ಲಿ ಜಾಗ ಚಿಕ್ಕದಾಗಿರುವುದರಿಂದ ಮೇಲಿನ ಕಾಯುವ ಕಂಬಿ ತಿನಿಸಿಗೆ ಬಹಳ ಹತ್ತಿರವಿರುತ್ತದೆ. ಮೇಲ್ಭಾಗ ಬಣ್ಣಕ್ಕೆ ತಿರುಗಿದಾಗ ಒಳಭಾಗ ಇನ್ನೂ ಬೆಂದಿರುವುದಿಲ್ಲ, ಆದರೆ ಬಣ್ಣ ನೋಡಿ ನಾವು ಹೊರತೆಗೆದುಬಿಡುತ್ತೇವೆ. ಕಾಫಿಹೂವು ಅವರಿಗೆ ಆಗಿರುವುದು ಇದೂ ಹೌದು. ಮೊದಲ ಅರ್ಧ ಗಂಟೆ ಪಾತ್ರೆಯನ್ನು ಕೆಳಗಿನ ಅಂತಸ್ತಿನಲ್ಲಿಟ್ಟು ಕೆಳಗಿನ ಕಂಬಿಯನ್ನು ಮಾತ್ರ ಉರಿಸಿ, ಕೊನೆಯ ಹತ್ತು-ಹದಿನೈದು ನಿಮಿಷ ಎರಡನ್ನೂ ಉರಿಸಿ. ಹದಿನೈದು ನಿಮಿಷ ಮುಂಚಿತವಾಗಿ ಕಾಯಿಸುವುದನ್ನು ತಪ್ಪಿಸಬಾರದು. ಸಾಸ್ ಬಿಸಿಯಿರುವಾಗಲೇ ಸುರಿದರೆ ಬೇಯುವ ಹೊತ್ತು ಗಣನೀಯವಾಗಿ ಉಳಿಯುತ್ತದೆ. ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಡಿ, ಇಲ್ಲದಿದ್ದರೆ ತಟ್ಟೆಗೆ ಬಡಿಸುವಾಗ ಎಲ್ಲ ಹರಡಿಹೋಗುತ್ತದೆ.

ಮಲೆನಾಡಿನ ಮಳೆಗಾಲದ ವಿದ್ಯುತ್ತನ್ನು ನಂಬಿ ಓವನ್ ಹಚ್ಚುವುದು ಸಾಹಸವೇ ಸರಿ, ಮನೆಯ ಸಾಮಾನ್ಯ ಇನ್ವರ್ಟರು ಓಟಿಜಿಯ ಭಾರವನ್ನು ಎಳೆಯುವುದೂ ಇಲ್ಲ. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೆ ಇಪ್ಪತ್ತು ನಿಮಿಷ ಹಾಗೆಯೇ ಬಿಡಿ, ಒಳಗಿನ ಬಿಸಿಯೇ ಕೆಲಸ ಮುಂದುವರಿಸುತ್ತದೆ. ಆಮೇಲೂ ಬಾರದಿದ್ದರೆ ದಪ್ಪ ತಳದ ದೊಡ್ಡ ಪಾತ್ರೆಗೆ ಒಂದು ಪದರ ಪುಡಿ ಉಪ್ಪು ಹರಡಿ, ಅದರ ಮೇಲೆ ಒಂದು ಸ್ಟ್ಯಾಂಡ್, ಸ್ಟ್ಯಾಂಡಿನ ಮೇಲೆ ಕೊಳವೆಗಳ ಪಾತ್ರೆ ಇಟ್ಟು, ಗ್ಯಾಸಿನ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಬಹುದು. ಕುಕ್ಕರನ್ನು ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿರಬೇಕು. ಬೇಯುವುದೇನೋ ಬೇಯುತ್ತದೆ, ಮೇಲಿನ ಬಣ್ಣ ಮಾತ್ರ ಬಾರದು.


ಗಿರಿಶ್ರೇಣಿ (ಚಿಕ್ಕಮಗಳೂರು)

ಬಣ್ಣಕ್ಕೂ ಹಳೆಯ ಉಪಾಯವಿದೆ. ಓವನ್ ಇಲ್ಲದ ಕಾಲದಲ್ಲಿ ನಮ್ಮ ನೆರೆಯ ಕ್ರೈಸ್ತ ಕುಟುಂಬದ ಅಜ್ಜಿ ಕ್ರಿಸ್‌ಮಸ್ ಕೇಕನ್ನು ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ತೋಟದ ಮನೆಯ ಸೌದೆ ಒಲೆಯಲ್ಲಿ ಕೆಂಡಕ್ಕೆ ಬರವಿರಲಾರದು. ಚಪ್ಪಟೆ ಕಬ್ಬಿಣದ ಮುಚ್ಚಳದ ಮೇಲೆ ಕೆಂಡ ಹರಡಿ ಎಂಟು ನಿಮಿಷ ಬಿಟ್ಟರೆ ಚೀಸ್ ಕರಗಿ ಕೆಂಪಾಗುತ್ತದೆ. ನಾನೇ ಮಾಡಿ ನೋಡಿದ್ದೇನೆ.


ಆಲೂಗೆಡ್ಡೆ ಸೀಮೆ (ಹಾಸನ)

ಹೂರಣ ಉದುರಾಗುವುದಕ್ಕೆ ಸುಲಭ ಪರಿಹಾರವಿರುವಾಗ ಯಾರೂ ಅದರ ಹೆಸರನ್ನೇ ಎತ್ತಿಲ್ಲವಲ್ಲ! ಎರಡು ಆಲೂಗೆಡ್ಡೆ ಬೇಯಿಸಿ ಕಿವುಚಿ ಮೀನಿಗೆ ಸೇರಿಸಿದರೆ ಹೂರಣ ಉಂಡೆಯಾಗಿ ನಿಲ್ಲುತ್ತದೆ, ಎರಡು ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಕೊಳವೆಗಳೂ ತುಂಬುತ್ತವೆ.


ಮೇಷ್ಟ್ರು (ಹಾಸನ, ವಿದ್ಯಾನಗರ)

ಊರಿನ ಅಭಿಮಾನದಲ್ಲಿ ನಾನು ನಿಮಗಿಂತ ಕಡಿಮೆಯವನಲ್ಲ, ಆದರೂ ಇಲ್ಲಿ ಆಲೂಗೆಡ್ಡೆಗೆ ಜಾಗವಿಲ್ಲವೆಂದೇ ಹೇಳುತ್ತೇನೆ. ಹೊರಗೆ ಗೋಧಿಯ ಪಿಷ್ಟ, ಸಾಸಿನಲ್ಲಿ ಮೈದಾದ ಪಿಷ್ಟ, ಒಳಗೂ ಪಿಷ್ಟವೇ ಆದರೆ ತಿನ್ನುವವರಿಗೆ ಮೀನು ಎಲ್ಲಿ ಸಿಗಬೇಕು? ಜೊತೆಗೆ ಅದೂ ನೀರಿಗೆ ಪಾಲು ಕೇಳುತ್ತದೆ. ಹೂರಣ ಹಿಗ್ಗಬೇಕಿದ್ದರೆ ಗಿರಿಶ್ರೇಣಿಯವರು ಹೇಳಿದ ಬೆಂದ ಮೊಟ್ಟೆಯೋ, ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಪಾಲಕ್ ಸೊಪ್ಪೋ ಒಳ್ಳೆಯದು.


ಸೊಪ್ಪುಸದೆ (ಚಿಕ್ಕಮಗಳೂರು)

ನಾನು ವೃತ್ತಿಯಿಂದ ಆಹಾರ ತಜ್ಞೆ, ಡಬ್ಬಿಯ ಸುರಕ್ಷತೆಯ ಬಗ್ಗೆ ಕೆಲವು ಮಾತುಗಳು. ಫ್ರಾನ್ಸಿನ ನಿಕೊಲಾ ಅಪೇರ್ ಆಹಾರವನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ ಕಾಯಿಸಿ ಕೆಡದಂತೆ ಇಡುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದಾಗ, ಅದು ಏಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳ ಪಾತ್ರ ಸ್ಪಷ್ಟವಾದದ್ದು ದಶಕಗಳ ನಂತರ. ಈಗ ಮೀನಿನಂಥ ಹುಳಿಯಿಲ್ಲದ ಆಹಾರದ ಡಬ್ಬಿಯನ್ನು ಒತ್ತಡದ ಹಬೆಯಲ್ಲಿ ಸಾಮಾನ್ಯವಾಗಿ 121 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಬೊಟುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾದ ಬ್ಯಾಕ್ಟೀರಿಯಾದ ಬೀಜಕಣಗಳು ನೂರು ಡಿಗ್ರಿಯ ಕುದಿಯನ್ನೂ ತಾಳಿಕೊಳ್ಳಬಲ್ಲವು ಎಂಬುದೇ ಇದಕ್ಕೆ ಕಾರಣ. ಆದ್ದರಿಂದ ಉಬ್ಬಿದ, ಸೋರುವ, ಅಂಚಿನ ಹೊಲಿಗೆಯಲ್ಲಿ ಜಜ್ಜಿಹೋದ ಡಬ್ಬಿಯನ್ನು ರುಚಿ ನೋಡುವ ಗೊಡವೆಗೂ ಹೋಗದೆ ಎಸೆಯಬೇಕು. ಮಲೆನಾಡಿನ ತೇವದಲ್ಲಿ ಡಬ್ಬಿಯ ತಳ ತುಕ್ಕು ಹಿಡಿಯುತ್ತದೆ. ಒರೆಸಿದರೆ ಹೋಗುವಷ್ಟಾದರೆ ಚಿಂತೆಯಿಲ್ಲ, ತಗಡನ್ನು ಕೊರೆದಿರುವ ತುಕ್ಕಾದರೆ ಬೇಡ.

ತೆರೆದ ಮೇಲೆ ಉಳಿದ ಮೀನನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಕರೆಂಟಿಲ್ಲದ ದಿನ ಅಷ್ಟೂ ಬೇಡ, ಅಂದೇ ತಿನ್ನಿ. ಟೂನಾ ಮತ್ತು ಬಂಗುಡೆಯ ವರ್ಗದ ಮೀನುಗಳು ಬೆಚ್ಚಗೆ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಉಂಟಾಗಿ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರಬಹುದು, ಮತ್ತೆ ಎಷ್ಟು ಬೇಯಿಸಿದರೂ ಆ ಹಿಸ್ಟಮಿನ್ ನಾಶವಾಗುವುದಿಲ್ಲ. ತಿಂದಾಗ ನಾಲಿಗೆ ಖಾರದಂತೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಬಸುರಿಯರಿಗೆ ಟೂನಾಕ್ಕಿಂತ ಬೂತಾಯಿಯಂಥ ಸಣ್ಣ ಮೀನು ಉತ್ತಮ, ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು ಶೇಖರವಾಗಿರುತ್ತದೆ.


ಕಾಫಿಹೂವು (ಮೂಡಿಗೆರೆ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಭಾನುವಾರ ಮತ್ತೆ ಮಾಡಿದೆ, ವರದಿ ಒಪ್ಪಿಸುತ್ತಿದ್ದೇನೆ.

ಉಳಿದಿದ್ದ ಎಂಟು ಕೊಳವೆಗಳಿಗೆ ಈ ಸಲ ಒಂದು ಡಬ್ಬಿ ಟೂನಾ, ಒಂದು ಬೆಂದ ಮೊಟ್ಟೆ, ಹಿಂಡಿದ ಒಂದು ಹಿಡಿ ಪಾಲಕ್ ಬಳಸಿದೆ. ಡಬ್ಬಿಯ ಎಣ್ಣೆಯಲ್ಲೇ ಈರುಳ್ಳಿ ಬಾಡಿಸಿ, ಆರಿಸಿ, ಮೀನು, ನಿಂಬೆರಸ, ಜಜ್ಜಿದ ಹಸಿ ಕಾಳುಮೆಣಸು, ಮೂರು ಚಮಚ ಬಿಳಿ ಸಾಸ್ ಸೇರಿಸಿ ಕಲಸಿದೆ. ತುಂಬುವುದಕ್ಕೆ ಚಮಚದ ಬದಲು ಹಾಲಿನ ಪ್ಯಾಕೆಟ್ಟನ್ನು ತೊಳೆದು ಒರೆಸಿ, ಮೂಲೆ ಕತ್ತರಿಸಿ, ಚಕ್ಕುಲಿ ಹಿಟ್ಟಿನಂತೆ ಒತ್ತಿದೆ. ಹತ್ತು ನಿಮಿಷದಲ್ಲಿ ಎಂಟೂ ತುಂಬಿದವು, ಒಂದೂ ಸೀಳಲಿಲ್ಲ. ಸಾಸಿಗೆ ಮೇಷ್ಟ್ರ ಲೆಕ್ಕದ ಅರ್ಧಕ್ಕಿಂತ ತುಸು ಹೆಚ್ಚು, ನಾನೂರು ಮಿಲಿಲೀಟರ್ ಹಾಲು ಹಿಡಿಸಿತು. ಮೈದಾವನ್ನು ಬೆಣ್ಣೆಯಲ್ಲಿ ಎರಡು ನಿಮಿಷ ಬಣ್ಣ ತಿರುಗದಂತೆ ಹುರಿದು, ಹಾಲನ್ನು ಒಂದೊಂದೇ ಸೌಟು ಹಾಕುತ್ತ ಗೊಟಾಯಿಸಿದ್ದರಿಂದ ಗಂಟು ಕಟ್ಟಲಿಲ್ಲ. ಕೊನೆಯಲ್ಲಿ ಜಾಯಿಕಾಯಿಯನ್ನು ನಾಲ್ಕು ಸಲ ತುರಿದೆ. ಹಾಲಿನ ಸಾಸಿಗೂ ಮೀನಿಗೂ ನಡುವೆ ಸಂಧಾನ ಮಾಡಿಸುವುದು ಅದೇ ಎಂದು ನನಗೆ ತೋರಿತು.

ಮಜ್ಜಿಗೆಹುಳಿಯ ಹದ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿತು. ಅಷ್ಟು ತೆಳುವಾದ ಸಾಸ್ ಸುರಿದಾಗ ಎಂಟು ಕೊಳವೆಗಳೂ ಮುಳುಗಿದ್ದನ್ನು ಕಂಡು ಇದು ಸಾರಾಗಿ ಉಳಿಯುವುದು ಖಂಡಿತ ಎಂದುಕೊಂಡಿದ್ದೆ. ಮುಚ್ಚಿ ಮೂವತ್ತು ನಿಮಿಷ ಆದ ಮೇಲೆ ತೆರೆದರೆ ಅರ್ಧ ಸಾಸನ್ನು ಕೊಳವೆಗಳೇ ಕುಡಿದು ಉಬ್ಬಿ ಒಂದಕ್ಕೊಂದು ತಾಗಿ ಮಲಗಿದ್ದವು. ಅಷ್ಟರಲ್ಲಿ ನಿರೀಕ್ಷೆಯಂತೆ ಕರೆಂಟು ಹೋಯಿತು. ಬಾಗಿಲು ತೆರೆಯಬಾರದೆಂಬ ಬುದ್ಧಿವಾದ ನೆನಪಾಗುವುದರೊಳಗೆ ತೆರೆದುಬಿಟ್ಟಿದ್ದೆ. ಪಾತ್ರೆಯನ್ನು ಸೌದೆ ಒಲೆಯ ಬದಿಗೆ ತಂದು, ರೊಟ್ಟಿ ಕಾವಲಿಯನ್ನು ಮೇಲೆ ಮುಚ್ಚಿ ಕೆಂಡ ಹರಡಿದೆವು. ಒಂದು ಕಡೆ ಹೊಂಬಣ್ಣ, ಇನ್ನೊಂದು ಕಡೆ ಅಂಗೈಯಷ್ಟು ಜಾಗ ಕಪ್ಪು. ಕಪ್ಪಾದ ಭಾಗಕ್ಕೆ ಮಕ್ಕಳು ಜಗಳವಾಡಿದರು. ಕೊಳವೆಯ ತುದಿಗಳು ಚಾಕುವಿಗೆ ಮಾತಿಲ್ಲದೆ ಬಿಟ್ಟುಕೊಟ್ಟವು, ಒಳಗೆ ಮೀನು ಎಸಳೆಸಳಾಗಿ ತೇವವಾಗಿತ್ತು.

ಅತ್ತೆಯವರು ಒಂದೂವರೆ ಕೊಳವೆ ತಿಂದರು, ಚೊಂಬನ್ನು ಮುಟ್ಟಲಿಲ್ಲ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಚೀಸಿನಲ್ಲೂ ಉಪ್ಪಿರುತ್ತದೆ ಎಂಬುದನ್ನು ಮರೆತದ್ದು ನನ್ನ ತಪ್ಪು.


ಹತ್ತುಮೀನು (ಕೊಪ್ಪ)

ಕೆಂಡದ ವಿಚಾರ ಓದಿ ಮನಸ್ಸು ತುಸು ಕರಗಿದೆ. ಮುಂದಿನ ವಾರ ನೆಂಟರು ಬರುವವರಿದ್ದಾರೆ. ಬೆಳಗ್ಗೆಯೇ ಎಲ್ಲವನ್ನೂ ಜೋಡಿಸಿಟ್ಟು ರಾತ್ರಿ ಬೇಯಿಸಬಹುದೇ, ಇಲ್ಲವೇ ಸಾಸನ್ನು ಕೊನೆಯ ಗಳಿಗೆಯಲ್ಲೇ ಸುರಿಯಬೇಕೇ?


ಮೇಷ್ಟ್ರು (ಹಾಸನ, ವಿದ್ಯಾನಗರ)

ಸಾಸ್ ಮತ್ತು ಹೂರಣ ಎರಡೂ ಚೆನ್ನಾಗಿ ಆರಿದ ಮೇಲೆ ಜೋಡಿಸಿ, ಮುಚ್ಚಿ, ಫ್ರಿಜ್ಜಿನಲ್ಲಿಡಬಹುದು. ಒಣ ಕೊಳವೆಯಾದರೆ ಆ ಹೊತ್ತಿನಲ್ಲೇ ಅದು ಸಾಸಿನ ನೀರು ಕುಡಿದು ಮೆತ್ತಗಾಗುವುದರಿಂದ ಲಾಭವೇ. ಆದರೆ ಬೇಯಿಸಲಿಡುವ ಮೊದಲು ಮುಚ್ಚಳ ತೆಗೆದು ನೋಡಿ, ತುದಿಗಳು ಹೊರಗೆ ಕಾಣಿಸುತ್ತಿದ್ದರೆ ಅರ್ಧ ಲೋಟ ಬಿಸಿ ಹಾಲನ್ನು ಅಂಚಿನಿಂದ ಸುರಿಯಿರಿ. ತಣ್ಣಗಿನ ಗಾಜಿನ ಪಾತ್ರೆಯನ್ನು ನೇರವಾಗಿ ಕಾದ ಓವನ್ನಿಗೆ ಇಡಬೇಡಿ, ಒಡೆಯುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಇಡಿ, ಮುಚ್ಚಿ ಬೇಯಿಸುವ ಅವಧಿಗೆ ಹತ್ತು ನಿಮಿಷ ಹೆಚ್ಚು ಕೊಡಿ.